3 ಫ್ರಿಕ್ಷನ್ ಪ್ಲೇಟ್ ಸಾಕಾ, 4 ಬೇಕಾ? ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ವೆಟ್ ಕ್ಲಚ್ ಡಿಸೈನ್ ಬಗ್ಗೆ ಸಲಹೆ ಬೇಕು

ಹಾಸನ_ಮೆಕ್

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಒಂದು ಲೈಟ್ ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಕ್ಲಚ್ ಪ್ಯಾಕ್ ಡಿಸೈನ್ ಮಾಡುತ್ತಿದ್ದೇನೆ. ಕಾಲಲ್ಲಿ ಒತ್ತುವ ಡ್ರೈ ಕ್ಲಚ್ ಅಲ್ಲ. ಡ್ರಮ್ ಒಳಗೆ ಒಂದು ಸ್ಟೀಲ್ ಪ್ಲೇಟ್, ಒಂದು ಫ್ರಿಕ್ಷನ್ ಪ್ಲೇಟ್ ಅಂತ ಸಾಲಾಗಿ ಕೂತಿರುತ್ತವೆ. ಆಯಿಲ್ ಪ್ರೆಶರ್‌ನಿಂದ ಪಿಸ್ಟನ್ ಬಂದು ಒತ್ತುತ್ತದೆ. ಎಲ್ಲವೂ ಎಟಿಎಫ್‌ನಲ್ಲಿ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್‌ನಲ್ಲಿ, ನೆನೆದುಕೊಂಡೇ ಕೆಲಸ ಮಾಡುತ್ತವೆ. ಅದಕ್ಕೇ ವೆಟ್ ಕ್ಲಚ್ ಅನ್ನುವುದು.

ಹೊರಬೇಕಾದ ಟಾರ್ಕ್ 400 ನ್ಯೂಟನ್ ಮೀಟರ್. ಲೈನಿಂಗ್‌ನ (ಫ್ರಿಕ್ಷನ್ ಪ್ಲೇಟ್‌ನ ಎರಡೂ ಮುಖಕ್ಕೆ ಅಂಟಿಸುವ ಘರ್ಷಣೆಯ ಪದರ) ಹೊರ ವ್ಯಾಸ 150 ಮಿ.ಮೀ., ಒಳ ವ್ಯಾಸ 120 ಮಿ.ಮೀ. ಪಿಸ್ಟನ್‌ನ ಹೊರ ತ್ರಿಜ್ಯ 72, ಒಳ ತ್ರಿಜ್ಯ 43 ಮಿ.ಮೀ. ಲೈನ್ ಪ್ರೆಶರ್ 10 ಬಾರ್. ರಿಟರ್ನ್ ಸ್ಪ್ರಿಂಗ್ 800 ನ್ಯೂಟನ್ ತಿನ್ನುತ್ತದೆ. ಅದನ್ನು ಕಳೆದರೆ ಪ್ಲೇಟ್ ಮೇಲೆ ಬೀಳುವ ಬಲ ಸುಮಾರು 9,680 ನ್ಯೂಟನ್. ಘರ್ಷಣೆ ಗುಣಾಂಕ ಮ್ಯೂ 0.12 ಅಂತ ಇಟ್ಟುಕೊಂಡೆ. ಆಗ ಒಂದು ಮುಖಕ್ಕೆ 78 ನ್ಯೂಟನ್ ಮೀಟರ್ ಚಿಲ್ಲರೆ ಬರುತ್ತದೆ. 4 ಫ್ರಿಕ್ಷನ್ ಪ್ಲೇಟ್ ಅಂದರೆ 8 ಮುಖ, 627 ನ್ಯೂಟನ್ ಮೀಟರ್. 3 ಪ್ಲೇಟ್ ಆದರೆ 470.

ಗೈಡ್ ಹೇಳುತ್ತಾರೆ, 3 ಪ್ಲೇಟ್‌ಗೆ ಇಳಿಸು, ಡ್ರ್ಯಾಗ್ (ಕ್ಲಚ್ ಬಿಟ್ಟಾಗಲೂ ಆಯಿಲ್ ಎಳೆಯುವುದು) ಕಡಿಮೆ, ಖರ್ಚೂ ಕಡಿಮೆ ಅಂತ. ಮ್ಯೂ 0.15 ಇರುವ ಪೇಪರ್ ಲೈನಿಂಗ್ ಹುಡುಕಿದರೆ 3 ಪ್ಲೇಟ್‌ನಲ್ಲೇ 588 ಬರುತ್ತದೆ. ಅದೇ ಒಳ್ಳೆಯ ದಾರಿ ಅಲ್ವಾ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಡೆಟ್ರಾಯಿಟ್_ಕನ್ನಡಿಗ

ಲೆಕ್ಕ ಅಚ್ಚುಕಟ್ಟಾಗಿದೆ. ಸರಾಸರಿ ತ್ರಿಜ್ಯ 67.5 ಹಿಡಿದಿದ್ದೀರಿ. ಒತ್ತಡ ಎಲ್ಲ ಕಡೆ ಸಮ ಅನ್ನುವ ಸೂತ್ರ ಹಾಕಿದರೆ 67.8 ಬರುತ್ತದೆ. ಇಷ್ಟು ಕಿರಿದಾದ ಬಳೆಗೆ ಯಾವ ಸೂತ್ರ ಅಂತ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ಆ 0.12 ಬಗ್ಗೆ.

ವೆಟ್ ಕ್ಲಚ್‌ನಲ್ಲಿ ಮ್ಯೂ ಅನ್ನುವುದು ಒಂದು ಸಂಖ್ಯೆ ಅಲ್ಲ, ಒಂದು ಗೆರೆ. ಜಾರುವ ವೇಗ ಬದಲಾದಂತೆ ಅದೂ ಬದಲಾಗುತ್ತದೆ. ಆಯಿಲ್‌ನ ಬಿಸಿ, ಮುಖದ ಒತ್ತಡ, ಪ್ಲೇಟ್‌ನ ವಯಸ್ಸು, ಇವೆಲ್ಲ ಆ ಗೆರೆಯನ್ನು ಮೇಲೆ ಕೆಳಗೆ ಎಳೆಯುತ್ತವೆ. ಹಾಗಾಗಿ ಎಷ್ಟು ಎತ್ತರ ಅನ್ನುವುದಕ್ಕಿಂತ ಯಾವ ಕಡೆ ವಾಲಿದೆ ಅನ್ನುವುದು ಮುಖ್ಯ.

ಕ್ಲಚ್ ಹಿಡಿಯುವಾಗ ಏನಾಗುತ್ತದೆ ಅಂತ ನೋಡಿ. ಮೊದಲು ಎರಡು ಪ್ಲೇಟ್‌ಗಳ ನಡುವೆ ಆಯಿಲ್ ಪದರ ಇರುತ್ತದೆ. ಆಗ ಟಾರ್ಕ್ ಬರುವುದು ಆಯಿಲ್‌ನ ಜಿಗುಟಿನಿಂದ. ಪಿಸ್ಟನ್ ಒತ್ತಿದಂತೆ ಆಯಿಲ್ ಪೇಪರ್ ಲೈನಿಂಗ್‌ನ ರಂಧ್ರಗಳಿಗೂ ಗ್ರೂವ್‌ಗಳಿಗೂ (ಮೇಲ್ಮೈಯಲ್ಲಿ ಕೊರೆದ ಕಾಲುವೆಗಳು) ಸರಿದು ಹೋಗುತ್ತದೆ. ಪೇಪರ್‌ನ ನಾರುಗಳು ಅಲ್ಲಲ್ಲಿ ಸ್ಟೀಲ್‌ಗೆ ತಾಗುತ್ತವೆ. ಕೊನೆಗೆ ಉಳಿಯುವುದು ಆಯಿಲ್‌ನಲ್ಲಿರುವ ಅಡಿಟಿವ್‌ಗಳು ಲೋಹಕ್ಕೆ ಅಂಟಿಕೊಂಡು ಮಾಡಿದ, ಅಣುಗಳಷ್ಟು ತೆಳುವಾದ ಪದರ ಮಾತ್ರ. ಇಷ್ಟೂ ಅರ್ಧ ಸೆಕೆಂಡ್‌ನಲ್ಲಿ ಮುಗಿಯಬೇಕು.

ವೇಗ ಜಾಸ್ತಿ ಇರುವಾಗಿನ ಮ್ಯೂ ಬಹುಪಾಲು ಪೇಪರ್‌ನ ಕೈಯಲ್ಲಿದೆ. ಎಷ್ಟು ರಂಧ್ರ, ಎಷ್ಟು ಮೆತ್ತಗೆ, ಆಯಿಲ್ ಎಷ್ಟು ಬೇಗ ಸರಿಯುತ್ತದೆ ಅನ್ನುವುದರ ಮೇಲೆ. ವೇಗ ಸೊನ್ನೆಗೆ ಹತ್ತಿರ ಬಂದಾಗಿನ ಮ್ಯೂ ಬಹುಪಾಲು ಆಯಿಲ್‌ನ ಕೈಯಲ್ಲಿದೆ. ಅದಕ್ಕೇ ಬರೀ ಪ್ಲೇಟ್ ಡಿಸೈನ್ ಮಾಡುತ್ತೇನೆ ಅಂದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ಪೇಪರ್, ಸ್ಟೀಲ್, ಆಯಿಲ್, ಮೂರೂ ಸೇರಿದರೇ ಒಂದು ಕ್ಲಚ್.

ಈಗ ವಾಲುವ ವಿಷಯ. ಜಾರುವ ವೇಗ ಇಳಿದಂತೆ ಮ್ಯೂ ಏರಿದರೆ ತೊಂದರೆ. ಯಾವುದೋ ಸಣ್ಣ ಅಲುಗಾಟದಿಂದ ಜಾರುವಿಕೆ ಸ್ವಲ್ಪ ಹೆಚ್ಚಿತು ಅನ್ನಿ. ಮ್ಯೂ ಇಳಿಯುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಜಾರುವಿಕೆ ಇನ್ನೂ ಹೆಚ್ಚುತ್ತದೆ. ಅಲುಗಾಟ ಬೆಳೆಯುತ್ತಾ ಹೋಗಿ ಗಾಡಿ ಪೂರ್ತಿ ನಡುಗುತ್ತದೆ. ಅದೇ ಜಡ್ಡರ್. ವೇಗ ಇಳಿದಂತೆ ಮ್ಯೂ ಕೂಡ ಸ್ವಲ್ಪ ಇಳಿದರೆ ಅಲುಗಾಟ ತಾನಾಗಿ ಸಾಯುತ್ತದೆ. 0.15 ಕೊಡುವ ಪೇಪರ್ ಸಿಗಬಹುದು. ನಿಮ್ಮ ಆಯಿಲ್ ಜೊತೆ ಅದು ಯಾವ ಕಡೆ ವಾಲುತ್ತದೆ ಅಂತ ನೋಡದೆ ಅದರ ಮೇಲೆ ಪ್ಲೇಟ್ ಸಂಖ್ಯೆ ಇಳಿಸಬೇಡಿ.

ಇನ್ನೊಂದು ಮಾತು. 0.12 ಹೊಸ ಪ್ಲೇಟ್‌ನದು. ಆಯಿಲ್ ಹಳೆಯದಾಗಿ, ರಂಧ್ರಗಳು ಒಂದಷ್ಟು ಮುಚ್ಚಿಕೊಂಡ ಮೇಲೆ ಅದು ಇಳಿಯುತ್ತದೆ. 0.10 ಹಾಕಿ ನೋಡಿ. 3 ಪ್ಲೇಟ್‌ಗೆ 392 ಬರುತ್ತದೆ. ನಿಮಗೆ ಬೇಕಿರುವುದು 400. 4 ಪ್ಲೇಟ್‌ಗೆ 522. ನನ್ನ ಓಟು 4ಕ್ಕೆ.

ಹುಬ್ಳಿ_ರೈಡರ್

ನಾನು ಗೇರ್‌ಬಾಕ್ಸ್ ಓದಿದವನಲ್ಲ, ಬೈಕ್ ಓಡಿಸುವವನು. ಆದರೆ ಇದು ಬೈಕ್ ಕ್ಲಚ್‌ನ ಕಥೆಯೇ ಅನಿಸುತ್ತಿದೆ. ಕಾರಿಗೆ ಹಾಕುವ ಎಂಜಿನ್ ಆಯಿಲ್ ಬೈಕ್‌ಗೆ ಹಾಕಬೇಡ, ಕ್ಲಚ್ ಜಾರುತ್ತದೆ ಅಂತ ಮೆಕ್ಯಾನಿಕ್‌ಗಳು ಹೇಳುತ್ತಾರಲ್ಲ, ಅದೂ ಇದೇ ಕಾರಣಕ್ಕಾ?

ಡೆಟ್ರಾಯಿಟ್_ಕನ್ನಡಿಗ

ಹೌದು, ಅದೇ. ನಮ್ಮ ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಮೈಲೇಜ್ ಹೆಚ್ಚಿಸಲು ಕಾರಿನ ಆಯಿಲ್‌ಗೆ ಘರ್ಷಣೆ ತಗ್ಗಿಸುವ ಅಡಿಟಿವ್ ಸೇರಿಸುತ್ತಾರೆ. ಎಂಜಿನ್‌ಗೆ ಅದು ಲಾಭ, ಕ್ಲಚ್‌ಗೆ ನಷ್ಟ. ಅದಕ್ಕೆ ಜಪಾನಿನವರು ಜಾಸೊ ಅಂತ ಒಂದು ಗುರುತು ಮಾಡಿದರು. ಬೈಕ್ ಆಯಿಲ್ ಡಬ್ಬದ ಹಿಂದೆ ಎಂಎ, ಎಂಎ2 ಅಂತ ಇದ್ದರೆ ವೆಟ್ ಕ್ಲಚ್‌ಗೆ ಸರಿ. ಎಂಬಿ ಇದ್ದರೆ ಘರ್ಷಣೆ ಕಡಿಮೆ, ಅದು ಆಯಿಲ್‌ನಲ್ಲಿ ಕ್ಲಚ್ ಇಲ್ಲದ ಸ್ಕೂಟರ್‌ಗಳಿಗೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಈ ಕಥೆ ಇನ್ನೂ ಹಳೆಯದು. 1960ರ ದಶಕದ ಅಮೆರಿಕದಲ್ಲಿ ಫೋರ್ಡ್‌ನ ಟೈಪ್ ಎಫ್ ಆಯಿಲ್‌ನಲ್ಲಿ ಫ್ರಿಕ್ಷನ್ ಮಾಡಿಫೈಯರ್, ಅಂದರೆ ಇಂಥದೇ ಘರ್ಷಣೆ ತಗ್ಗಿಸುವ ಅಡಿಟಿವ್, ಇರಲಿಲ್ಲ. ಕ್ಲಚ್ ಕೊನೆಯಲ್ಲಿ ಗಟ್ಟಿಯಾಗಿ ಕಚ್ಚುತ್ತಿತ್ತು, ಶಿಫ್ಟ್ ಒರಟಾಗಿ ತಿಳಿಯುತ್ತಿತ್ತು. ಜಿಎಂನ ಡೆಕ್ಸ್‌ರಾನ್‌ನಲ್ಲಿ ಮಾಡಿಫೈಯರ್ ಇತ್ತು, ಶಿಫ್ಟ್ ಮೆತ್ತಗೆ. ಒಂದರ ಗೇರ್‌ಬಾಕ್ಸ್‌ಗೆ ಇನ್ನೊಂದರ ಆಯಿಲ್ ಹಾಕಿದರೆ ಗುಣವೇ ಬದಲಾಗುತ್ತಿತ್ತು. ಪ್ಲೇಟ್ ಅದೇ, ಸ್ಟೀಲ್ ಅದೇ.

ಆ ಕಾಲದ ಮಾಡಿಫೈಯರ್ ಯಾವುದು ಗೊತ್ತಾ? ಸ್ಪರ್ಮ್ ತಿಮಿಂಗಿಲದ ಎಣ್ಣೆ. ಲೋಹಕ್ಕೆ ಚೆನ್ನಾಗಿ ಅಂಟುತ್ತಿತ್ತು, ಬಿಸಿಯನ್ನೂ ತಡೆಯುತ್ತಿತ್ತು. 1970ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂತು. ತಿಮಿಂಗಿಲಗಳಿಗೆ ಅದು ಒಳ್ಳೆಯದೇ ಆಯಿತು. ಆಯಿಲ್ ಮಾಡುವವರು ಮಾತ್ರ ಬದಲಿ ಹುಡುಕಿ ಸೂತ್ರವನ್ನೇ ಹೊಸದಾಗಿ ಬರೆಯಬೇಕಾಯಿತು.

ಜೆಸಿ_ರೋಡ್_ಗೇರ್‌ಬಾಕ್ಸ್

ನಮ್ಮದು ಬೆಂಗಳೂರಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸ. ಡಿಸೈನ್ ನನಗೆ ಗೊತ್ತಿಲ್ಲ ಮೇಡಂ. ಕೆಟ್ಟ ಪ್ಲೇಟ್ ಹೇಗಿರುತ್ತದೆ ಅಂತ ಹೇಳಬಲ್ಲೆ, ನಿಮಗೆ ಉಪಯೋಗ ಆಗಬಹುದು.

ಸುಟ್ಟ ಪ್ಯಾಕ್ ಬಿಚ್ಚಿದರೆ ಮೊದಲು ವಾಸನೆ. ಫ್ರಿಕ್ಷನ್ ಪ್ಲೇಟ್ ಕಪ್ಪಾಗಿ, ಕನ್ನಡಿಯಷ್ಟು ನುಣ್ಣಗಾಗಿರುತ್ತದೆ. ಉಗುರಲ್ಲಿ ಗೀರಿದರೆ ಗೀರು ಬೀಳುವುದಿಲ್ಲ. ಒಂದು ಹನಿ ಎಟಿಎಫ್ ಹಾಕಿ ನೋಡಿ. ಒಳ್ಳೆ ಪ್ಲೇಟ್ ಹೀರಿಕೊಳ್ಳುತ್ತದೆ, ಇದರಲ್ಲಿ ಹನಿ ಮೇಲೇ ನಿಲ್ಲುತ್ತದೆ. ರಂಧ್ರ ಎಲ್ಲ ಮುಚ್ಚಿಹೋಗಿದೆ ಅಂತ ಅರ್ಥ. ಪಕ್ಕದ ಸ್ಟೀಲ್ ಪ್ಲೇಟ್ ಮೇಲೆ ನೀಲಿ ಕಲೆಗಳಿರುತ್ತವೆ. ಕೆಲವು ಸಲ ಇಡೀ ಸುತ್ತು ಕಲೆ, ಕೆಲವು ಸಲ ಬಿಡಿ ಬಿಡಿ ಚುಕ್ಕೆ. ಸಪಾಟಾದ ಗಾಜಿನ ಮೇಲಿಟ್ಟರೆ ಆ ಸ್ಟೀಲ್ ಪ್ಲೇಟ್ ಒಂದು ಕಡೆ ಎದ್ದಿರುತ್ತದೆ.

ಇನ್ನೊಂದು ಬಗೆ ನೀರು ಸೇರಿದ್ದು. ಎಷ್ಟೋ ಕಾರುಗಳಲ್ಲಿ ಎಟಿಎಫ್ ತಣ್ಣಗಾಗಿಸುವ ಕೂಲರ್ ರೇಡಿಯೇಟರ್ ಟ್ಯಾಂಕ್ ಒಳಗೇ ಇರುತ್ತದೆ. ಒಳಗೆ ತೂತಾದರೆ ಕೂಲಂಟ್ ನೇರ ಗೇರ್‌ಬಾಕ್ಸ್‌ಗೆ. ಹಾಗೆ ಬಂದ ಒಂದು ಗಾಡಿಯ ಡಿಪ್‌ಸ್ಟಿಕ್ ಎಳೆದರೆ ಗುಲಾಬಿ ಬಣ್ಣದ ನೊರೆ. ಬಿಚ್ಚಿದಾಗ ಪೇಪರ್ ಲೈನಿಂಗ್ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಬೆರಳು ತಾಗಿಸಿದರೆ ಕೋರ್ ಪ್ಲೇಟ್‌ನಿಂದ (ಲೈನಿಂಗ್ ಅಂಟಿಸಿರುವ ಒಳಗಿನ ಸ್ಟೀಲ್ ತಗಡು) ಪೂರ್ತಿ ಕಳಚಿ ಬಂತು. ಅಂಟು ಬಿಟ್ಟಿತ್ತು. ಗಾಡಿಯವರು ಆಯಿಲ್ ಬದಲಿಸಿ ಓಡಿಸುತ್ತೇನೆ ಅಂದರು. ಆಗಲ್ಲ ಸರ್, ಪೇಪರ್ ನೀರು ಕುಡಿದಾಗಿದೆ, ಎಲ್ಲ ಪ್ಲೇಟ್ ಬದಲಿಸಲೇಬೇಕು ಅಂತ ಬಿಡಿಸಿ ಹೇಳಬೇಕಾಯಿತು.

ಜೋಡಿಸುವ ಮೊದಲು ಹೊಸ ಪ್ಲೇಟ್‌ಗಳನ್ನು ಎಟಿಎಫ್‌ನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಹಾಕುತ್ತೇವೆ. ಒಣ ಪೇಪರ್ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲ ಶಿಫ್ಟ್‌ನಲ್ಲೇ ಮೇಲ್ಮೈ ಸುಟ್ಟು ಹೋಗುತ್ತದೆ.

ಹಾಸನ_ಮೆಕ್

ಅಣ್ಣ, ಹನಿ ಹಾಕಿ ನೋಡುವ ಪರೀಕ್ಷೆ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ತುಂಬಾ ಥ್ಯಾಂಕ್ಸ್.

ಸ್ಟೀಲ್ ಪ್ಲೇಟ್ ನೀಲಿ ಆಗುವ ಮಾತು ಓದಿ ಬಿಸಿಯ ಲೆಕ್ಕ ಹಾಕಿದೆ. ಸರಾಸರಿ 300 ನ್ಯೂಟನ್ ಮೀಟರ್ ಟಾರ್ಕ್, 1500 ಆರ್‌ಪಿಎಂ ವ್ಯತ್ಯಾಸ, ಅರ್ಧ ಸೆಕೆಂಡ್‌ನಲ್ಲಿ ಸೊನ್ನೆಗೆ ಅಂತ ಹಿಡಿದರೆ ಒಂದು ಶಿಫ್ಟ್‌ಗೆ ಸುಮಾರು 11.8 ಕಿಲೋಜೂಲ್. 8 ಮುಖಕ್ಕೆ ಹಂಚಿದರೆ ಮುಖಕ್ಕೆ 1,470 ಜೂಲ್. ನನ್ನ ಸ್ಟೀಲ್ ಪ್ಲೇಟ್ 1.8 ಮಿ.ಮೀ. ದಪ್ಪ, ತೂಕ ಸುಮಾರು 90 ಗ್ರಾಂ. ನಡುವಿನ ಸ್ಟೀಲ್ ಪ್ಲೇಟ್‌ಗೆ ಎರಡೂ ಕಡೆಯಿಂದ ಬಿಸಿ ಬರುತ್ತದೆ. ಆಯಿಲ್ ತಣ್ಣಗೆ ಮಾಡುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ 68 ಡಿಗ್ರಿ ಏರುತ್ತದೆ. 3 ಪ್ಲೇಟ್ ಆದರೆ 91 ಡಿಗ್ರಿ. ಬಿಸಿ ಎಲ್ಲ ಸ್ಟೀಲ್‌ಗೇ ಹೋಗುತ್ತದೆ ಅಂತ ಹಿಡಿಯುವುದು ಸರಿಯಾ?

ಡೆಟ್ರಾಯಿಟ್_ಕನ್ನಡಿಗ

ಮೊದಲ ಲೆಕ್ಕಕ್ಕೆ ಸರಿ. ಪೇಪರ್ ಬಿಸಿಯನ್ನು ಒಳಗೆ ಬಿಡುವುದೇ ಇಲ್ಲ ಅನ್ನುವಷ್ಟು ಕಡಿಮೆ ಬಿಡುತ್ತದೆ. ಶಿಫ್ಟ್ ಆಗುವ ಅರ್ಧ ಸೆಕೆಂಡ್‌ನಲ್ಲಿ ಬಿಸಿಯ ಬಹುಪಾಲು ಸ್ಟೀಲ್ ನುಂಗುತ್ತದೆ. ಆಮೇಲೆ ನಿಧಾನವಾಗಿ ಆಯಿಲ್ ಅದನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಪೇಪರ್ ಬದುಕಬೇಕಾದರೆ ಸ್ಟೀಲ್ ದಪ್ಪ ಇರಬೇಕು. ಹೊಸಬರು ಇದನ್ನು ಮರೆತು ಲೈನಿಂಗ್ ದಪ್ಪ ಮಾಡುತ್ತಾರೆ, ಅದರಿಂದ ಪ್ರಯೋಜನ ಕಡಿಮೆ. ನಿಮ್ಮ 1.8ರ ಸ್ಟೀಲನ್ನು 1.2ಕ್ಕೆ ಇಳಿಸಿದರೆ 68 ಡಿಗ್ರಿ 102 ಆಗುತ್ತದೆ. ಆಯಿಲ್ ಮೊದಲೇ 90ರಲ್ಲಿದ್ದರೆ ಸ್ಟೀಲ್ 190 ದಾಟಿತು. ಅದೂ ಪ್ಲೇಟ್‌ನ ಸರಾಸರಿ, ಮೇಲ್ಮೈ ಅದಕ್ಕಿಂತ ಬಿಸಿ. ಸೆಲ್ಯುಲೋಸ್ ನಾರು ಕರಗುವುದಿಲ್ಲ, ಕರಕಲಾಗುತ್ತದೆ. ಅದಕ್ಕೇ ಹೊಸ ಪೇಪರ್‌ಗಳಲ್ಲಿ ಅರಾಮಿಡ್ ನಾರು, ಕಾರ್ಬನ್ ನಾರು ಸೇರಿಸುತ್ತಾರೆ.

ಪೇಪರ್ ಅಂದರೆ ನಿಜವಾಗಿ ಪೇಪರ್‌ನ ಹಾಗೇ ಮಾಡುತ್ತಾರೆ. ಹತ್ತಿಯ ಅಥವಾ ಮರದ ನಾರು, ಅರಾಮಿಡ್, ಗ್ರಾಫೈಟ್, ಜೊತೆಗೆ ಡಯಾಟಮ್ ಮಣ್ಣು. ಡಯಾಟಮ್ ಅಂದರೆ ನೀರಲ್ಲಿದ್ದ ಸೂಕ್ಷ್ಮ ಪಾಚಿಯ ಸಿಲಿಕಾ ಚಿಪ್ಪು. ಮೈ ತುಂಬಾ ರಂಧ್ರ, ಆದರೂ ಗಟ್ಟಿ. ಎಲ್ಲವನ್ನೂ ನೀರಲ್ಲಿ ಕಲಸಿ, ಜಾಲರಿ ಮೇಲೆ ಹಾಳೆ ಮಾಡಿ, ಒಣಗಿಸಿ, ಫಿನಾಲಿಕ್ ರೆಸಿನ್ ಕುಡಿಸಿ, ಬೇಯಿಸುತ್ತಾರೆ. ಆಮೇಲೆ ಅಂಟು ಹಚ್ಚಿದ ಸ್ಟೀಲ್ ಕೋರ್ ಮೇಲಿಟ್ಟು ಬಿಸಿ ಮಾಡಿ ಒತ್ತುತ್ತಾರೆ. ರೆಸಿನ್ ಜಾಸ್ತಿ ಆದರೆ ಗಟ್ಟಿ ಬರುತ್ತದೆ, ರಂಧ್ರ ಹೋಗುತ್ತದೆ. ಕಡಿಮೆ ಆದರೆ ಹೀರುತ್ತದೆ, ಬೇಗ ಸವೆಯುತ್ತದೆ. ಆ ಹದ ಹಿಡಿಯುವುದರಲ್ಲೇ ಈ ಕಂಪನಿಗಳ ಗುಟ್ಟು ಇರುವುದು.

ನಿಮ್ಮ ಗೈಡ್ ಹೇಳಿದ್ದರಲ್ಲೂ ಸತ್ವ ಇದೆ, ಅದನ್ನು ತಳ್ಳಿಹಾಕಬೇಡಿ. ಒಂದು ಫ್ರಿಕ್ಷನ್, ಒಂದು ಸ್ಟೀಲ್ ತೆಗೆದರೆ ಸುಮಾರು 4 ಮಿ.ಮೀ. ಜಾಗ ಸಿಗುತ್ತದೆ. ಅದನ್ನು ಉಳಿದ ಸ್ಟೀಲ್‌ಗಳಿಗೆ ಹಂಚಿ 2.8 ದಪ್ಪ ಮಾಡಿದರೆ 91 ಡಿಗ್ರಿ 59ಕ್ಕೆ ಇಳಿಯುತ್ತದೆ. ಅಂದರೆ ಬಿಸಿಯ ಲೆಕ್ಕದಲ್ಲಿ 3 ಪ್ಲೇಟ್ ಸೋಲುವುದಿಲ್ಲ. ಸೋಲುವುದು ಟಾರ್ಕ್‌ನಲ್ಲಿ. ಲೈನ್ ಪ್ರೆಶರ್ 12 ಬಾರ್ ಮಾಡಿದರೆ ಮ್ಯೂ 0.10ರಲ್ಲೂ 477 ಬರುತ್ತದೆ. ಆದರೆ ಆ 12 ಬಾರ್ ಎತ್ತಲು ಪಂಪ್ ಎಂಜಿನ್‌ನಿಂದ ಶಕ್ತಿ ಕೀಳುತ್ತದೆ. ಡ್ರ್ಯಾಗ್‌ನಲ್ಲಿ ಉಳಿಸಿದ್ದನ್ನು ಪಂಪ್‌ಗೆ ಕೊಟ್ಟ ಹಾಗಾಯಿತು.

ಕೆಜಿಎಫ್_ನಿವೃತ್ತ

ಮಗಳೇ, ನಾನು ಬುಲ್‌ಡೋಜರ್‌ಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಜೊತೆ ಕೆಲಸ ಮಾಡಿದವನು. ಅಲ್ಲಿ ಪೇಪರ್ ಕಡಿಮೆ, ಸಿಂಟರ್ಡ್ ಬ್ರಾಂಜ್ ಜಾಸ್ತಿ. ತಾಮ್ರ, ತವರ, ಗ್ರಾಫೈಟ್ ಪುಡಿ ಸೇರಿಸಿ ಸ್ಟೀಲ್ ಮೇಲೆ ಬೇಯಿಸಿದ ಲೈನಿಂಗ್. ಬಿಸಿಯನ್ನು ಅದೂ ನುಂಗುತ್ತದೆ, ಪೇಪರ್ ತಾಳದ ಒತ್ತಡವನ್ನು ತಾಳುತ್ತದೆ. ಆದರೆ ಮ್ಯೂ ಕಡಿಮೆ, 0.06ರಿಂದ 0.08ರ ಸುತ್ತಮುತ್ತ. ನಿಲ್ಲುವ ಹೊತ್ತಿಗೆ ಗಟ್ಟಿಯಾಗಿ ಕಚ್ಚುತ್ತದೆ, ಕಿರುಗುಟ್ಟುತ್ತದೆ. ಮಣ್ಣು ತಳ್ಳುವ ಗಾಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಕಾರಿನಲ್ಲಿ ಕೂತವರು ಸಹಿಸುವುದಿಲ್ಲ. ನಿನ್ನ ಲೈಟ್ ಟ್ರಕ್‌ಗೆ ಪೇಪರ್ ಸರಿ.

ಗ್ರೂವ್ ಬಗ್ಗೆ ಯಾರೂ ಹೇಳಿಲ್ಲ. ಏನು ಹಾಕಿದ್ದೀಯಾ?

ಹಾಸನ_ಮೆಕ್

ನಮಸ್ಕಾರ ಸರ್. ವಾಫಲ್ ಗ್ರೂವ್, ಅಂದರೆ ಅಡ್ಡ ಉದ್ದ ಚೌಕದ ಗೆರೆಗಳು. ಮೇಲ್ಮೈಯ 15% ಗ್ರೂವ್‌ಗೆ ಹೋಗುತ್ತದೆ. ಅಷ್ಟು ಟಾರ್ಕ್ ಕೂಡ ಹೋಗುತ್ತದೆ ಅಂತ ಭಯ ಇತ್ತು. ಲೆಕ್ಕ ನೋಡಿದರೆ ಪಿಸ್ಟನ್ ಬಲ ಅಷ್ಟೇ ಇರುವುದರಿಂದ ಟಾರ್ಕ್ ಬದಲಾಗುವುದಿಲ್ಲ. ಮುಖದ ಒತ್ತಡ ಮಾತ್ರ 1.52ರಿಂದ 1.79 ಮೆಗಾಪಾಸ್ಕಲ್‌ಗೆ ಏರುತ್ತದೆ.

ಕೆಜಿಎಫ್_ನಿವೃತ್ತ

ಸರಿಯಾಗಿ ಹಿಡಿದೆ. ಗ್ರೂವ್ ಮೂರು ಕೆಲಸ ಮಾಡಬೇಕು. ಹಿಡಿಯುವಾಗ ಆಯಿಲ್ ಬೇಗ ಹೊರಗೆ ಹೋಗಲು ದಾರಿ ಕೊಡಬೇಕು. ಹಿಡಿದ ಮೇಲೂ ಒಂದಷ್ಟು ಆಯಿಲ್ ಹರಿಸಿ ಸ್ಟೀಲ್ ತಣ್ಣಗಿಡಬೇಕು. ಬಿಟ್ಟಾಗ ಪ್ಲೇಟ್‌ಗಳು ಬೇಗ ಬೇರೆಯಾಗಲು ನೆರವಾಗಬೇಕು. ವಾಫಲ್ ಮೊದಲಿನದಕ್ಕೆ ಒಳ್ಳೆಯದು. ಬಿಟ್ಟಾಗ ಆಯಿಲ್ ಬೇಗ ಹೊರಗೆ ಚಿಮ್ಮಬೇಕಾದರೆ ನೇರ ರೇಡಿಯಲ್ ಗ್ರೂವ್ ಮೇಲು. ಆಳ ಮಾಡಲು ಹೋಗಿ ಲೈನಿಂಗ್ ಕೋರ್‌ವರೆಗೆ ಕತ್ತರಿಸಬೇಡ. ಅಂಚಿನಿಂದ ಆಯಿಲ್ ಒತ್ತಿ ಒತ್ತಿ ಅಂಟಿನೊಳಗೆ ನುಗ್ಗುತ್ತದೆ.

ಪೀಣ್ಯ_ಪ್ರೆಸ್

ನಾನು ಪೀಣ್ಯದಲ್ಲಿ ಪ್ರೆಸ್ ಟೂಲ್ ಮಾಡುವವನು. ಕೆಜಿಎಫ್ ಸರ್ ಹೇಳಿದ್ದು ಇಡೀ ಬಳೆಯಾಗಿ ಅಂಟಿಸಿ, ಅದರಲ್ಲಿ ಗ್ರೂವ್ ಕೊರೆಯುವ ಪ್ಲೇಟ್‌ಗೆ. ಲೈನಿಂಗನ್ನು ಸಣ್ಣ ಸಣ್ಣ ತುಂಡು ಮಾಡಿ ಕೋರ್ ಮೇಲೆ ಅಂಟಿಸುವ ಬಗೆಯೂ ಇದೆ. ತುಂಡುಗಳ ನಡುವಿನ ಸಂದೇ ಗ್ರೂವ್. ಅದರಲ್ಲಿ ಅಂಚು ಮೊದಲಿನಿಂದಲೂ ತೆರೆದೇ ಇರುತ್ತದೆ, ಹಾಗಾಗಿ ಅಂಟು ಅದಕ್ಕೆ ತಕ್ಕಂತೆ ಇರಬೇಕು.

ಖರ್ಚಿನ ದೃಷ್ಟಿಯಿಂದ ಹೇಳುತ್ತೇನೆ. ನಿಮ್ಮ ಲೈನಿಂಗ್ 150ರ ಬಳೆ. 152ರ ಚೌಕ ಹಾಳೆಯಿಂದ ಕತ್ತರಿಸಿದರೆ ಉಪಯೋಗ ಆಗುವುದು ಹಾಳೆಯ 28% ಕೂಡ ಇಲ್ಲ. ನಡುವಿನ ಬಿಲ್ಲೆಯಿಂದ ಚಿಕ್ಕ ಪ್ಲೇಟ್ ಮಾಡಬಹುದು, ಅಂಥ ಚಿಕ್ಕ ಪ್ಲೇಟ್‌ಗೆ ಆರ್ಡರ್ ಇದ್ದರೆ. ಇಲ್ಲದಿದ್ದರೆ ಅರಾಮಿಡ್ ಸೇರಿದ ದುಬಾರಿ ಪೇಪರ್ ಕಸದ ಬುಟ್ಟಿಗೆ. ತುಂಡುಗಳನ್ನಾದರೆ ಉದ್ದ ಪಟ್ಟಿಯಿಂದ ಒಂದರ ಪಕ್ಕ ಒಂದು ಕತ್ತರಿಸಬಹುದು, ವೇಸ್ಟ್ ತುಂಬಾ ಕಡಿಮೆ. ಗೈಡ್‌ಗೆ ಖರ್ಚು ಇಳಿಸಬೇಕಿದ್ದರೆ ಪ್ಲೇಟ್ ಕಡಿಮೆ ಮಾಡುವುದಕ್ಕಿಂತ ಇಲ್ಲಿ ನೋಡಿ.

ಹಾಸನ_ಮೆಕ್

ಇದು ನನಗೆ ಹೊಳೆದೇ ಇರಲಿಲ್ಲ ಸರ್. ಖಂಡಿತ ಗೈಡ್‌ಗೆ ತೋರಿಸುತ್ತೇನೆ.

ಉಳಿದಿರುವುದು ಡ್ರ್ಯಾಗ್. ಕ್ಲಚ್ ಬಿಟ್ಟಿರುವಾಗಲೂ ನಡುವಿನ ಆಯಿಲ್ ಎಳೆಯುತ್ತದಲ್ಲ, ಅದು. ಮುಖಕ್ಕೆ 0.2 ಮಿ.ಮೀ. ಸಂದು ಕೊಟ್ಟಿದ್ದೇನೆ, ಒಟ್ಟು 1.6 ಮಿ.ಮೀ. 1000 ಆರ್‌ಪಿಎಂ ವ್ಯತ್ಯಾಸ, 40 ಡಿಗ್ರಿ ಆಯಿಲ್ ಹಿಡಿದರೆ ಸುಮಾರು 3 ನ್ಯೂಟನ್ ಮೀಟರ್. 100 ಡಿಗ್ರಿಯಲ್ಲಿ 0.6. ಸಂದನ್ನು ಇನ್ನೂ ಹೆಚ್ಚಿಸಿದರೆ ಡ್ರ್ಯಾಗ್ ಇನ್ನೂ ಇಳಿಯುತ್ತದೆ. 0.3 ಕೊಡಲಾ?

ಕ್ಯಾಲಿಬ್ರೇಶನ್_ಪುಣೆ

ಕೊಡಬೇಡಿ! ಧಾರವಾಡದವನು, ಈಗ ಪುಣೆಯಲ್ಲಿ ಗೇರ್‌ಬಾಕ್ಸ್ ಕ್ಯಾಲಿಬ್ರೇಶನ್ ಮಾಡುತ್ತೇನೆ. ನಿಮ್ಮ ಸಂದಿಗೆ ನಾವು ಸಾಫ್ಟ್‌ವೇರ್‌ನಲ್ಲಿ ಬೆಲೆ ತೆರಬೇಕು.

ಪಿಸ್ಟನ್ 1.6 ಮಿ.ಮೀ. ಸರಿಯಬೇಕಾದರೆ ಅದರ ಹಿಂದೆ ಅಷ್ಟು ಆಯಿಲ್ ತುಂಬಬೇಕು. ನಿಮ್ಮ ಪಿಸ್ಟನ್‌ಗೆ ಅದು ಸುಮಾರು 17 ಸಿಸಿ. ಆ ವಾಲ್ವ್‌ನಿಂದ ನಿಮಿಷಕ್ಕೆ 4 ಲೀಟರ್ ಬರುತ್ತದೆ ಅನ್ನಿ. ತುಂಬಲಿಕ್ಕೇ ಕಾಲು ಸೆಕೆಂಡ್ ಹೋಯಿತು. ಅಷ್ಟು ಹೊತ್ತು ಟಾರ್ಕ್ ಏನೂ ಬದಲಾಗುವುದಿಲ್ಲ. ಡ್ರೈವರ್‌ಗೆ ಗೇರ್‌ಬಾಕ್ಸ್ ಯೋಚನೆ ಮಾಡುತ್ತಾ ಕೂತಿದೆ ಅನಿಸುತ್ತದೆ. ಒಟ್ಟು ಸಂದು 1 ಮಿ.ಮೀ. ಮಾಡಿ. 10 ಸಿಸಿ ಚಿಲ್ಲರೆ, 0.16 ಸೆಕೆಂಡ್‌ನಲ್ಲಿ ತುಂಬುತ್ತದೆ. ಡ್ರ್ಯಾಗ್ ತಣ್ಣಗಿರುವಾಗ 5 ನ್ಯೂಟನ್ ಮೀಟರ್ ಆಗುತ್ತದೆ, ಬಿಸಿಯಾದ ಮೇಲೆ 1. ಗಾಡಿ ಹೆಚ್ಚು ಹೊತ್ತು ಓಡುವುದು ಬಿಸಿಯಲ್ಲೇ.

ಆ ಸೂತ್ರ ಸಂದು ಪೂರ್ತಿ ಆಯಿಲ್‌ನಿಂದ ತುಂಬಿದೆ ಅಂತ ಹಿಡಿದದ್ದು. ನಿಜದಲ್ಲಿ ವೇಗ ಏರಿದಂತೆ ಡ್ರ್ಯಾಗ್ ಒಂದು ಹಂತದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಆಯಿಲ್ ಹೊರಗೆ ಚಿಮ್ಮಿ, ಸಂದಿಗೆ ಗಾಳಿ ನುಗ್ಗಿ, ಪದರ ಒಡೆಯುತ್ತದೆ. ಗ್ರೂವ್ ಚೆನ್ನಾಗಿದ್ದರೆ ಅದು ಬೇಗ ಒಡೆಯುತ್ತದೆ. ಕೋರ್ ಪ್ಲೇಟ್‌ಗೆ ಸ್ವಲ್ಪ ಅಲೆ ಕೊಟ್ಟರೆ, ಅಂದರೆ ಪೂರ್ತಿ ಸಪಾಟಾಗಿ ಇಡದಿದ್ದರೆ, ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡುತ್ತವೆ.

ಡ್ರ್ಯಾಗ್ ಇಳಿಸಲು ದೊಡ್ಡ ದಾರಿ ಪ್ಲೇಟ್‌ನಲ್ಲಿಲ್ಲ, ಗೇರ್‌ಗಳ ಜೋಡಣೆಯಲ್ಲಿದೆ. 2009ರಲ್ಲಿ ಬಂದ ಝಡ್‌ಎಫ್ ಕಂಪನಿಯ 8ಎಚ್‌ಪಿ ಗೇರ್‌ಬಾಕ್ಸ್ ನೋಡಿ. 8 ಗೇರ್, 5 ಕ್ಲಚ್ ಮತ್ತು ಬ್ರೇಕ್. ಯಾವ ಗೇರ್‌ನಲ್ಲೂ 3 ಹಿಡಿದಿರುತ್ತವೆ, ಬಿಟ್ಟಿರುವುದು 2 ಮಾತ್ರ. ಎಳೆಯುವುದು ಬಿಟ್ಟಿರುವ ಕ್ಲಚ್ ಮಾತ್ರ ಅಲ್ವಾ. ಒಂದು ಪ್ಲೇಟ್ ಕಡಿಮೆ ಮಾಡುವುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಕೊನೆಗೆ ಒಂದು ಪ್ರಶ್ನೆ. ನಿಮ್ಮ ಕ್ಲಚ್ ಡ್ರಮ್ ಜೊತೆ ತಿರುಗುತ್ತದಾ, ಇಲ್ಲಾ ಹೌಸಿಂಗ್‌ಗೆ ಕೂತ ಬ್ರೇಕಾ?

ಹಾಸನ_ಮೆಕ್

ತಿರುಗುತ್ತದೆ. 5000 ಆರ್‌ಪಿಎಂವರೆಗೆ. ಆಯಿಲ್ 30 ಮಿ.ಮೀ. ತ್ರಿಜ್ಯದಲ್ಲಿ ಒಳಗೆ ಬರುತ್ತದೆ.

ಕ್ಯಾಲಿಬ್ರೇಶನ್_ಪುಣೆ

ಹಾಗಾದರೆ ಪಿಸ್ಟನ್ ಹಿಂದೆ ನಿಂತ ಆಯಿಲ್ ತಿರುಗುವುದರಿಂದಲೇ ಹೊರ ಅಂಚಿನಲ್ಲಿ ಸುಮಾರು 5 ಬಾರ್ ಹುಟ್ಟುತ್ತದೆ. ಲೈನ್ ಪ್ರೆಶರ್‌ನ ಅರ್ಧ! ನಿಮ್ಮ 800 ನ್ಯೂಟನ್ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಲಾರದು. ಕ್ಲಚ್ ಬಿಡು ಅಂದರೂ ಪ್ಲೇಟ್ ಒರೆಸುತ್ತಲೇ ಇರುತ್ತದೆ. ಪಿಸ್ಟನ್‌ನ ಇನ್ನೊಂದು ಕಡೆ ಬ್ಯಾಲೆನ್ಸ್ ಚೇಂಬರ್ ಕೊಡಿ. ಅಲ್ಲೂ ಆಯಿಲ್ ತಿರುಗಿ ಎದುರು ಒತ್ತಡ ಹುಟ್ಟುತ್ತದೆ. ಹಳೆಯ ಡಿಸೈನ್‌ಗಳಲ್ಲಿ ಡ್ರಮ್‌ಗೆ ಒಂದು ಚೆಕ್ ಬಾಲ್ ಇಟ್ಟು ಆಯಿಲ್ ಹೊರಬಿಡುತ್ತಿದ್ದರು.

ಹುಬ್ಳಿ_ರೈಡರ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಡಿಸಿಟಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಕಾರುಗಳಲ್ಲಿ ಡ್ರೈ, ವೆಟ್ ಅಂತ ಎರಡು ಬಗೆ ಕೇಳುತ್ತೇನೆ. ಬೆಂಗಳೂರು ಟ್ರಾಫಿಕ್‌ಗೆ ವೆಟ್ ಒಳ್ಳೆಯದು ಅನ್ನುತ್ತಾರೆ. ಇದೇ ಪ್ಲೇಟ್‌ಗಳಾ?

ಡೆಟ್ರಾಯಿಟ್_ಕನ್ನಡಿಗ

ತತ್ವ ಅದೇ. ಫೋಕ್ಸ್‌ವ್ಯಾಗನ್‌ನ 6 ಗೇರ್ ಡಿಕ್ಯೂ250 ವೆಟ್, 7 ಗೇರ್ ಡಿಕ್ಯೂ200 ಡ್ರೈ. ನಮ್ಮಲ್ಲಿ 2022ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡಿಸಿಎ (ಡಿಸಿಟಿಗೆ ಟಾಟಾದವರ ಹೆಸರು) ವೆಟ್. ವ್ಯತ್ಯಾಸ ಏನೆಂದರೆ, ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗಾಡಿಯಲ್ಲಿ ನಿಂತಲ್ಲಿಂದ ಹೊರಡುವ ಭಾರ ಕನ್ವರ್ಟರ್ ಹೊರುತ್ತದೆ. ಡಿಸಿಟಿಯಲ್ಲಿ ಅದೂ ಕ್ಲಚ್‌ನ ಪಾಲಿಗೆ. ಸಿಲ್ಕ್ ಬೋರ್ಡ್‌ನಲ್ಲಿ ಒಂದೊಂದು ಅಡಿ ತೆವಳುವಾಗ ಕ್ಲಚ್ ಜಾರುತ್ತಲೇ ಇರುತ್ತದೆ. ವೆಟ್ ಆದರೆ ಆ ಬಿಸಿಯನ್ನು ಆಯಿಲ್ ಹೊತ್ತು ಕೂಲರ್‌ಗೆ ಒಯ್ಯುತ್ತದೆ. ಡ್ರೈನಲ್ಲಿ ಸುತ್ತಲಿನ ಲೋಹ ಮತ್ತು ಗಾಳಿಯೇ ಗತಿ. ಬದಲಿಗೆ ಡ್ರೈನಲ್ಲಿ ಆಯಿಲ್ ಡ್ರ್ಯಾಗ್ ಇಲ್ಲ, ಮೈಲೇಜ್ ಒಳ್ಳೆಯದು.

ಹಾಸನ_ಮೆಕ್

ಎಲ್ಲರ ಮಾತು ಸೇರಿಸಿ ಡಿಸೈನ್ ಬದಲಿಸಿದ್ದೇನೆ. 4 ಫ್ರಿಕ್ಷನ್ ಪ್ಲೇಟ್. ಕೋರ್ 0.8, ಲೈನಿಂಗ್ ಒಂದೊಂದು ಕಡೆ 0.6, ತುಂಡು ಅಂಟಿಸುವ ಬಗೆ, ಸಂದುಗಳೇ ರೇಡಿಯಲ್ ಗ್ರೂವ್. ಸ್ಟೀಲ್ 1.8. ಒಟ್ಟು ಸಂದು 1 ಮಿ.ಮೀ. ಬ್ಯಾಲೆನ್ಸ್ ಚೇಂಬರ್ ಸೇರಿಸಿದೆ. ಮ್ಯೂ 0.10ರಲ್ಲಿ 522 ನ್ಯೂಟನ್ ಮೀಟರ್. ಆಯಿಲ್ ಯಾವುದು ಅಂತ ಡ್ರಾಯಿಂಗ್‌ನಲ್ಲೇ ಬರೆದಿದ್ದೇನೆ.

ಟೆಸ್ಟ್ ರಿಗ್ ಮಾಡಬೇಕು. ಯಾವುದರಿಂದ ಶುರು ಮಾಡಲಿ?

ಡೆಟ್ರಾಯಿಟ್_ಕನ್ನಡಿಗ

ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವುದು ಎಸ್‌ಎಇ ನಂಬರ್ 2 ಅನ್ನುವ ಯಂತ್ರದ ರೀತಿ. ಒಂದು ಫ್ಲೈವೀಲ್ ಅನ್ನು 3600 ಆರ್‌ಪಿಎಂಗೆ ತಿರುಗಿಸಿ, ಮೋಟಾರ್ ಬಿಡಿಸಿ, ಕ್ಲಚ್ ಹಿಡಿದು ನಿಲ್ಲಿಸುತ್ತಾರೆ. ಟಾರ್ಕ್ ಗೆರೆ ದಾಖಲಾಗುತ್ತದೆ. ಆಮೇಲೆ ನಿಮಿಷಕ್ಕೆ ಒಂದು ಸುತ್ತಿಗಿಂತ ನಿಧಾನವಾಗಿ ತಿರುಗಿಸಿ ನಿಂತ ಸ್ಥಿತಿಯ ಮ್ಯೂ ಅಳೆಯುತ್ತಾರೆ. ಇದನ್ನೇ ಸಾವಿರಾರು ಸಲ. ಕಾಲೇಜಿನಲ್ಲಿ ಚಿಕ್ಕದಾಗಿ ಮಾಡಿ, ಪರವಾಗಿಲ್ಲ. ಆದರೆ ಒಂದು ಶರತ್ತು. ಮೊದಲ ಕೆಲವು ಸಲದ ಗೆರೆ ನೋಡಿ ತೀರ್ಮಾನಕ್ಕೆ ಬರಬೇಡಿ, ಹೊಸ ಪೇಪರ್ ಇನ್ನೂ ಹದಕ್ಕೆ ಬಂದಿರುವುದಿಲ್ಲ. ನಿಲ್ಲುವ ಕೊನೆ ಕ್ಷಣದಲ್ಲಿ ಟಾರ್ಕ್ ಮೇಲಕ್ಕೆ ಚಿಮ್ಮುತ್ತದಾ ಅಂತ ಪ್ರತಿ ಸಲವೂ ನೋಡಿ. ಚಿಮ್ಮಲು ಶುರುವಾದರೆ ಆಯಿಲ್‌ನ ಮಾಡಿಫೈಯರ್ ಸೋಲುತ್ತಿದೆ ಅಂತ. ಆಯಿಲ್ ಬದಲಿಸಿ, ಅದೇ ಪ್ಲೇಟ್ ಇಟ್ಟು ಮತ್ತೆ ಓಡಿಸಿ. ಗೆರೆ ಮೊದಲಿನ ಹಾಗೆ ಬಂದರೆ ಪ್ಲೇಟ್ ಚೆನ್ನಾಗಿದೆ. ಬರದಿದ್ದರೆ ಪೇಪರ್‌ನ ರಂಧ್ರ ಮುಚ್ಚಿದೆ.

ಜೆಸಿ_ರೋಡ್_ಗೇರ್‌ಬಾಕ್ಸ್

ನಿಮ್ಮ 1 ಮಿ.ಮೀ. ಸಂದು ನಮ್ಮ ಅಂದಾಜಿಗೂ ಸರಿಹೋಗುತ್ತದೆ ಮೇಡಂ. ನಾವು ಫ್ರಿಕ್ಷನ್ ಪ್ಲೇಟ್‌ಗೆ 0.25 ಅಂತ ನೋಡುತ್ತೇವೆ. ಪ್ಯಾಕ್ ಜೋಡಿಸಿ, ಸ್ನ್ಯಾಪ್ ರಿಂಗ್ ಹಾಕಿ, ರಿಂಗ್‌ಗೂ ಕೊನೆ ಪ್ಲೇಟ್‌ಗೂ ನಡುವೆ ಫೀಲರ್ ಗೇಜ್ ತೂರಿಸಿ ಅಳೆಯಿರಿ. ಒಂದು ಕಡೆ ಅಳೆದು ಬಿಡಬೇಡಿ, ಸುತ್ತ ಮೂರು ನಾಲ್ಕು ಕಡೆ ನೋಡಿ. ಜಾಸ್ತಿ ಕಡಿಮೆ ಆದರೆ ಬೇರೆ ದಪ್ಪದ ಸ್ನ್ಯಾಪ್ ರಿಂಗ್ ಹಾಕಿ ಸರಿ ಮಾಡಿ. ಹಾಗಾಗಿ ಡಿಸೈನ್‌ನಲ್ಲೇ ಎರಡು ಮೂರು ದಪ್ಪದ ರಿಂಗ್ ಇಟ್ಟುಕೊಳ್ಳಿ.

ಪೀಣ್ಯ_ಪ್ರೆಸ್

ಡ್ರಾಯಿಂಗ್‌ಗೆ ಇನ್ನೊಂದು ಸಾಲು ಸೇರಿಸಿ ಮೇಡಂ. ಪ್ರೆಸ್‌ನಲ್ಲಿ ಕತ್ತರಿಸಿದ ಸ್ಟೀಲ್ ಪ್ಲೇಟ್‌ಗೆ ಒಂದು ಕಡೆ ಅಂಚು ದುಂಡಗೆ, ಇನ್ನೊಂದು ಕಡೆ ಚೂಪು ಇರುತ್ತದೆ. ಪ್ಯಾಕ್‌ನಲ್ಲಿ ಎಲ್ಲ ಸ್ಟೀಲ್‌ಗಳ ದುಂಡು ಅಂಚು ಒಂದೇ ಕಡೆಗೆ ಇರಬೇಕು ಅಂತ ಬರೆಯಿರಿ. ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಲೋಹ, ಎಷ್ಟು ಬಿಡಬಹುದು ಅಂತಲೂ ಬರೆಯಿರಿ. ಬರೆಯದಿದ್ದರೆ ಜೋಡಿಸುವವರು ಕೈಗೆ ಸಿಕ್ಕ ಹಾಗೆ ಹಾಕುತ್ತಾರೆ, ಚೂಪು ಅಂಚು ಪೇಪರ್ ಕೆರೆಯುತ್ತದೆ. ಮಾದರಿಗೆ ಸ್ಟೀಲ್ ಪ್ಲೇಟ್ ಬೇಕಾದರೆ ಡ್ರಾಯಿಂಗ್ ಕಳಿಸಿ, ವೈರ್ ಕಟ್‌ನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ಯಂತ್ರ) ನಾಲ್ಕೈದು ಮಾಡಿಕೊಡುತ್ತೇನೆ. ವೈರ್ ಕಟ್‌ನಲ್ಲಿ ಈ ದುಂಡು ಅಂಚು ಬರುವುದಿಲ್ಲ, ಟೆಸ್ಟ್ ರಿಪೋರ್ಟ್‌ನಲ್ಲಿ ಅದನ್ನು ನಮೂದಿಸಿ.